ಕಳ್ಳ ಪುಸ್ತಕದಿಂದ ಬಂದ ಸಾಕ್ಷಿ

ಒಬ್ಬರ ಕಾದಂಬರಿಯ ಪಾತ್ರ ಇನ್ನೊಬ್ಬರ ಕಾದಂಬರಿಗೆ ಬಂದು ಸಾಕ್ಷಿ ಹೇಳೋದನ್ನ ಎಲ್ಲಾದ್ರೂ ಕೇಳಿದೀರಾ? ಡಾನ್ ಆಲ್ವರೋ ತಾರ್ಫೆ ಅನ್ನೋ ಆಸಾಮಿ ಸಿಗೋ ತನಕ ನಾನೂ ಕೇಳಿರಲಿಲ್ಲ.

ಗಾಳಿಗಿರಣಿಗಳನ್ನ ರಾಕ್ಷಸರು ಅಂದ್ಕೊಂಡು ಕಾದಾಡಿದ ಡಾನ್ ಕಿಹೋಟೆ (ನಾವು ಕ್ವಿಕ್ಸೋಟ್ ಅಂತ ಓದಿದವನು) ಗೊತ್ತಲ್ಲ? ಸ್ಪೇನಿನ ಸೆರ್ವಾಂಟೆಸ್ ಅದರ ಮೊದಲ ಭಾಗ ತಂದದ್ದು 1605ರಲ್ಲಿ. ಪುಸ್ತಕ ಭರ್ಜರಿಯಾಗಿ ಓಡಿತು. ಆತ ಎರಡನೇ ಭಾಗ ಬರೀತಾ ಇರುವಾಗಲೇ, 1614ರಲ್ಲಿ, ಅವೆಯನೆದಾ ಅನ್ನೋ ಹೆಸರಲ್ಲಿ ಯಾರೋ ತಮ್ಮದೇ 'ಎರಡನೇ ಭಾಗ' ಅಚ್ಚು ಹಾಕಿಸಿಬಿಟ್ಟರು! ಆ ಹೆಸರಿನ ಹಿಂದೆ ಇದ್ದವರು ಯಾರು ಅನ್ನೋದು ಇವತ್ತಿಗೂ ಇತ್ಯರ್ಥ ಆಗಿಲ್ಲ. ಸಾಲದ್ದಕ್ಕೆ ಮುನ್ನುಡಿಯಲ್ಲಿ ಸೆರ್ವಾಂಟೆಸ್‌ನ ಮುಪ್ಪು, ಊನವಾದ ಕೈ ಬಗ್ಗೆ ಗೇಲಿ ಬೇರೆ. ಆ ಎಡಗೈ ಊನವಾಗಿದ್ದು 1571ರ ಲೆಪಾಂಟೋ ಯುದ್ಧದಲ್ಲಿ.

ದೂರು ಕೊಡೋಣ ಅಂದ್ರೆ ಕಾನೂನೇ ಇಲ್ಲ. 1604ರಲ್ಲಿ ರಾಜ ಹತ್ತು ವರ್ಷಕ್ಕೆ ಕೊಟ್ಟಿದ್ದು ಪುಸ್ತಕ ಅಚ್ಚು ಹಾಕಿಸೋ ಹಕ್ಕು. ಪಾತ್ರ ಯಾರದು ಅನ್ನೋ ಪ್ರಶ್ನೆಯೇ ಅದರಲ್ಲಿಲ್ಲ. ಲೇಖಕರ ಹಕ್ಕನ್ನ ಗುರುತಿಸಿದ ಬ್ರಿಟನ್ನಿನ ಕಾಪಿರೈಟ್ ಕಾಯಿದೆ ಬಂದದ್ದೇ 1710ರಲ್ಲಿ.

ಸೆರ್ವಾಂಟೆಸ್ ಏನು ಮಾಡಿದ ಗೊತ್ತಾ? ಪಂಚಾಯ್ತಿಯನ್ನ ಕಾದಂಬರಿಯೊಳಗೇ ಸೇರಿಸಿದ :-)

1615ರಲ್ಲಿ ಬಂದ ಅಸಲಿ ಎರಡನೇ ಭಾಗದ 72ನೇ ಅಧ್ಯಾಯ. ಸೋತು ಊರಿಗೆ ಹೊರಟ ಕಿಹೋಟೆಗೆ ಛತ್ರದಲ್ಲಿ ತಾರ್ಫೆ ಸಿಗ್ತಾನೆ. ಇವನು ಅವೆಯನೆದಾ ಸೃಷ್ಟಿಸಿದ ಪಾತ್ರ, ಅಲ್ಲಿನ ನಕಲಿ ಕಿಹೋಟೆಯ ಗೆಳೆಯ! ಅಸಲಿ ಸಾಂಚೋನ ಮಾತು ಕೇಳಿ ತಾರ್ಫೆ ಬೆರಗಾಗ್ತಾನೆ: ತಾನು ಕಂಡ ಸಾಂಚೋ ಬರೀ ಹೊಟ್ಟೆಬಾಕ, ಇವನ ಮಾತಿನ ಸೊಗಸೆಲ್ಲಿ! ಅಷ್ಟರಲ್ಲಿ ಊರಿನ ಮುಖ್ಯಸ್ಥ, ಪತ್ರ ಬರೆಯುವವನ ಜೊತೆ ಅಲ್ಲಿಗೆ ಬರ್ತಾನೆ. ಅವೆಯನೆದಾ ಪುಸ್ತಕದಲ್ಲಿರೋನು ಇಲ್ಲಿ ನಿಂತಿರುವ ಕಿಹೋಟೆ ಅಲ್ಲ ಅಂತ ತಾರ್ಫೆಯಿಂದ ಕ್ರಮಬದ್ಧವಾಗಿ ಹೇಳಿಕೆ ಬರೆಸಿಕೊಳ್ತಾರೆ. ಪಾಪ ತಾರ್ಫೆ, ಇಬ್ಬಿಬ್ಬರು ಕಿಹೋಟೆಗಳನ್ನ ಕಂಡ ನನಗೇ ಯಾರೋ ಮಾಟ ಮಾಡಿರಬೇಕು ಅಂದ್ಕೋತಾನೆ. ಅದೇ ಅಧ್ಯಾಯದಲ್ಲಿ ಕವಲುದಾರಿ ಹಿಡಿದು ಹೋದವನು ಮತ್ತೆ ಬರೋದಿಲ್ಲ.

ನನಗೆ ಬಹಳ ಹಿಡಿಸಿದ್ದು ಇಲ್ಲಿನ ಇನ್ನೊಂದು ಸೂಕ್ಷ್ಮ. ಆ ಪತ್ರ ಸಿಕ್ಕಿದ್ದಕ್ಕೆ ಇಬ್ಬರೂ ಹಿಗ್ಗಿದ್ದನ್ನ ಹೇಳುತ್ತಾ ನಿರೂಪಕ ಸಣ್ಣಗೆ ನಗ್ತಾನೆ. ಅವರ ನಡೆ ನುಡಿಯಲ್ಲೇ ವ್ಯತ್ಯಾಸ ಎದ್ದು ಕಾಣ್ತಿರಲಿಲ್ಲವೇ ಅಂತ! ಆದರೂ ಸೆರ್ವಾಂಟೆಸ್‌ಗೆ ಅಳುಕು ಹೋಗಲಿಲ್ಲ ಅನ್ಸತ್ತೆ. ಕೊನೇ ಅಧ್ಯಾಯದಲ್ಲಿ ಕಿಹೋಟೆ ಸತ್ತಾಗ ಅದಕ್ಕೂ ಒಂದು ಪತ್ರ ಬರೆಸಿದ, ಬೇರೆ ಯಾರೂ ಅವನನ್ನ ಎಬ್ಬಿಸಿ ಕೂರಿಸಬಾರದು ಅಂತ. 1616ರ ಏಪ್ರಿಲ್‌ನಲ್ಲಿ ಅವನೂ ತೀರಿಕೊಂಡ.

ನಾಲ್ಕು ಶತಮಾನ ಕಳೆದ ಮೇಲೂ ಅವೆಯನೆದಾನ ಹೆಸರು ಉಳಿದಿರೋದು ಹೆಚ್ಚಾಗಿ ಸೆರ್ವಾಂಟೆಸ್ ಕಟ್ಟಿದ ಈ ಪಂಚಾಯ್ತಿಯಿಂದಲೇ. ಇದಕ್ಕಿಂತ ದೊಡ್ಡ ತೀರ್ಪು ಯಾವ ಕೋರ್ಟ್ ಕೊಟ್ಟೀತು? ಏನಂತೀರಿ?