ಸ್ಮಾರಕದ ಬಾಗಿಲಲ್ಲಿ ನಾಯಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರು ಇತಿಹಾಸದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಹೆಸರು. ಕ್ರಿ.ಶ. 949-50ರ ಸುಮಾರಿನ ಅಲ್ಲಿಯ ಶಿಲಾಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನು ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಹೀಗಾಗಿ ದಕ್ಷಿಣ ಭಾರತದ ರಾಜಕೀಯ ಇತಿಹಾಸ ಬರೆಯುವವರೆಲ್ಲ ಈ ಕಲ್ಲನ್ನು ಉಲ್ಲೇಖಿಸುತ್ತಾರೆ. ಆದರೆ ಕಲ್ಲನ್ನು ನೆಟ್ಟದ್ದು ರಾಜನಿಗಾಗಿಯೂ ಅಲ್ಲ, ಯುದ್ಧಕ್ಕಾಗಿಯೂ ಅಲ್ಲ. ಅದು ಒಂದು ನಾಯಿಗಾಗಿ ನೆಟ್ಟ ಕಲ್ಲು.

ಕಥೆ ಚಿಕ್ಕದು. ಬೂತುಗನ ಕೈಕೆಳಗೆ ಮಣಲೆರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ, ಬೇಕಾದ್ದನ್ನು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನು ದತ್ತಿ ಬಿಟ್ಟರು. ಈ ಮಣ್ಣನ್ನು ಕೆಡಿಸಿದವನು ಒಕ್ಕಲಾಗಲಿ, ನಾಡನ್ನಾಳುವವನಾಗಲಿ, ಊರನ್ನಾಳುವವನಾಗಲಿ, ನಾಯಿಯ ಪಾಪಕ್ಕೆ ಗುರಿಯಾಗುತ್ತಾನೆಂದು ಶಾಸನ ಎಚ್ಚರಿಸುತ್ತದೆ. ಸ್ಥಾನವನ್ನು ನೋಡಿಕೊಳ್ಳುವ ಗೊರವ, ಎಂದರೆ ಶೈವ ಯತಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ಅದೇ ಪಾಪ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಸೆಣಸುವ ಚಿತ್ರವನ್ನು ಕೆತ್ತಲಾಗಿದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಲ್ಲನ್ನು ಕಾಳಿ ಬಿದ್ದ ಗುಡ್ಡದಲ್ಲಿ ನೆಡಲಿಲ್ಲ, ಗರ್ಭಗುಡಿಯೊಳಗೂ ಇಡಲಿಲ್ಲ. ಅದನ್ನು ನಿಲ್ಲಿಸಿದ್ದು ಗುಡಿಯ ಮುಂದೆ. ಒಳಗೂ ಅಲ್ಲದ, ದೂರವೂ ಅಲ್ಲದ ಈ ಜಾಗವೇ ನಾಗರಿಕತೆಗಳು ಸಾಮಾನ್ಯವಾಗಿ ನಾಯಿಗೆ ಕೊಟ್ಟ ಜಾಗ. ಸ್ಮಾರಕಗಳಿಗೆ, ಉದ್ಯಾನಗಳಿಗೆ ನಾಯಿಯನ್ನು ಕರೆದೊಯ್ಯಬಹುದೇ ಎಂಬ ಇಂದಿನ ಜಗಳದ ಬೇರು ಇರುವುದೂ ಅಲ್ಲಿಯೇ.

ಮಹಾಭಾರತದ ಎರಡೂ ತುದಿಗಳಲ್ಲಿ ನಾಯಿ ಬಾಗಿಲಲ್ಲಿ ನಿಂತಿದೆ. ಆದಿಪರ್ವದಲ್ಲಿ ಜನಮೇಜಯನ ಯಜ್ಞಶಾಲೆಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದು ಅಟ್ಟುತ್ತಾರೆ. ಮರಿ ಹವಿಸ್ಸನ್ನು ಮುಟ್ಟಿರಲಿಲ್ಲ, ಅದರತ್ತ ನೋಡಿಯೂ ಇರಲಿಲ್ಲ. ತಾಯಿ ಸರಮೆ ಬಂದು ಮಗನ ತಪ್ಪೇನೆಂದು ಕೇಳಿದಾಗ ಯಾರಲ್ಲಿಯೂ ಉತ್ತರವಿಲ್ಲ. ಆಕೆಯ ಶಾಪದಿಂದ ಅರಸು ಕಂಗಾಲಾಗುತ್ತಾನೆ. ಕೊನೆಗೆ ಮಹಾಪ್ರಸ್ಥಾನದಲ್ಲಿ, ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎಂದು ಇಂದ್ರ ಹೇಳಿದರೆ, ಜೊತೆಗೆ ಬಂದದ್ದನ್ನು ಬಿಟ್ಟು ಬರುವ ಸ್ವರ್ಗ ತನಗೆ ಬೇಡವೆಂದು ಧರ್ಮರಾಯ ನಿಲ್ಲುತ್ತಾನೆ. ನಾಯಿ ಬೊಗಳಿದರೆ ದೇವಲೋಕ ಹಾಳಾದೀತೇ ಎಂದು ನಮ್ಮ ಗಾದೆ ಕೇಳುತ್ತದೆ. ದೇವಲೋಕದ ಬಾಗಿಲು ಕಾಯುವವರಿಗೆ ಆ ಭಯ ಇದ್ದೇ ಇತ್ತು ಎಂದು ತೋರುತ್ತದೆ!

ಈ ದ್ವಂದ್ವ ನಮ್ಮ ನಾಡಿನದು ಮಾತ್ರವಲ್ಲ. ಪ್ರಾಚೀನ ಗ್ರೀಸಿನಲ್ಲಿ ಅಥೆನ್ಸಿನ ಅಕ್ರಾಪೊಲಿಸ್ ಗುಡ್ಡವನ್ನು ನಾಯಿ ಏರುವಂತಿರಲಿಲ್ಲವೆಂದು ಪ್ಲುಟಾರ್ಕ್ ಬರೆಯುತ್ತಾನೆ. ಅಪೊಲೊ ದೇವತೆಯ ಡೆಲೋಸ್ ದ್ವೀಪದಲ್ಲಿ ನಾಯಿ ಸಾಕುವುದೇ ನಿಷಿದ್ಧವೆಂದು ಭೂಗೋಳಕಾರ ಸ್ಟ್ರಾಬೊ ಹೇಳುತ್ತಾನೆ. ಕ್ರಿ.ಪೂ. 306ರ ಸುಮಾರಿಗೆ ಒಂದು ನಾಯಿ ಹೇಗೋ ಅಕ್ರಾಪೊಲಿಸ್‌ನ ಗುಡಿಯೊಳಗೆ ನುಗ್ಗಿ, ಪವಿತ್ರ ಆಲಿವ್ ಮರದ ಕೆಳಗಿನ ಬಲಿಪೀಠದ ಮೇಲೆ ಮಲಗಿಬಿಟ್ಟಿತು. ಅದರ ಶಕುನಫಲವೇನೆಂದು ಜೋಯಿಸರು ತಲೆ ಕೆಡಿಸಿಕೊಂಡದ್ದನ್ನು ಫಿಲೊಖೊರಸ್ ಎಂಬ ಇತಿಹಾಸಕಾರ ದಾಖಲಿಸಿದ್ದಾನೆ. ಆದರೆ ಅದೇ ಗ್ರೀಸಿನ ಎಪಿಡಾರಸ್‌ನಲ್ಲಿ, ವೈದ್ಯದೇವತೆ ಅಸ್ಕ್ಲೇಪಿಯಸ್‌ನ ಕ್ಷೇತ್ರದಲ್ಲಿ, ನಾಯಿ ದೇವರ ಪರಿವಾರಕ್ಕೆ ಸೇರಿತ್ತು. ಅದು ನೆಕ್ಕಿದ್ದರಿಂದ ರೋಗ ವಾಸಿಯಾಯಿತೆಂದು ಅಲ್ಲಿಯ ಶಾಸನಗಳೇ ಸಾರುತ್ತವೆ. ನಮ್ಮಲ್ಲೂ ಹಾಗೆಯೇ. ಎಷ್ಟೋ ಗುಡಿಗಳಿಂದ ಅಟ್ಟಿಸಿಕೊಳ್ಳುವ ನಾಯಿ ಕಾಲಭೈರವನಿಗೆ ವಾಹನ, ದತ್ತಾತ್ರೇಯನಿಗೆ ಸಂಗಾತಿ. ಮೈಲಾರಲಿಂಗನ ಗೊರವರಂತೂ ದೋಣಿ ಸೇವೆಯಲ್ಲಿ ತಾವೇ ನಾಯಿಗಳಂತೆ ಬೊಗಳಿ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ.

ಇನ್ನು ಹಗ್ಗದ ಮಾತು. ನಾಯಿಗೆ ಹಗ್ಗ ಕಟ್ಟುವುದು ಪೇಟೆಯವರ ಹೊಸ ಶೋಕಿ ಎಂದು ಭಾವಿಸುವವರಿದ್ದಾರೆ. ಸೌದಿ ಅರೇಬಿಯಾದ ಶುವೈಮಿಸ್ ಮತ್ತು ಜುಬ್ಬಾ ಎಂಬಲ್ಲಿಯ ಬಂಡೆಚಿತ್ರಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಲ್ಲಿಯ ಬೇಟೆಯ ದೃಶ್ಯಗಳಲ್ಲಿ ಕೆಲವು ನಾಯಿಗಳ ಕೊರಳಿನಿಂದ ಬೇಟೆಗಾರನ ಸೊಂಟದವರೆಗೆ ಗೆರೆಯೊಂದನ್ನು ಕೊರೆಯಲಾಗಿದೆ. ಅದು ಹಗ್ಗವೇ ಎಂಬುದು ಸಂಶೋಧಕರ ಅಭಿಪ್ರಾಯ. ಚಿತ್ರಗಳಿಗೆ ಸುಮಾರು 8 ಸಾವಿರ ವರ್ಷಗಳ ವಯಸ್ಸೆಂದು ಅವರು ಅಂದಾಜು ಮಾಡಿದ್ದಾರೆ. ಹಾಗಿದ್ದರೆ ಹಗ್ಗ ಬರವಣಿಗೆಗಿಂತ ಹಳೆಯದು.

ಆದರೆ ಹಗ್ಗ ಎಂದರೆ ಎರಡು ಬಗೆ. ಒಂದರ ಇನ್ನೊಂದು ತುದಿ ಮನುಷ್ಯನ ಕೈಯಲ್ಲಿರುತ್ತದೆ. ಇನ್ನೊಂದರದ್ದು ಗೂಟದಲ್ಲಿರುತ್ತದೆ. ಇಟಲಿಯ ಪಾಂಪೆ ನಗರದ ಮನೆಯೊಂದರ ಹೊಸ್ತಿಲಲ್ಲಿ ಸರಪಳಿ ಬಿಗಿದ ನಾಯಿಯ ಚಿತ್ರವಿದೆ, ನಾಯಿಯಿದೆ ಎಚ್ಚರಿಕೆ ಎಂಬ ಬರಹವೂ ಇದೆ. ಅದೇ ಊರಿನ ಇನ್ನೊಂದು ಮನೆಯಲ್ಲಿ ಕ್ರಿ.ಶ. 79ರ ಜ್ವಾಲಾಮುಖಿಗೆ ಸಿಕ್ಕಿ, ಕಟ್ಟಿದಲ್ಲೇ ಹೊರಳಾಡಿ ಸತ್ತ ನಾಯಿಯ ಆಕಾರ ಬೂದಿಯಲ್ಲಿ ಉಳಿದಿತ್ತು. ಆ ಪೊಳ್ಳಿಗೆ ಗಾರೆ ತುಂಬಿ ತೆಗೆದ ಅಚ್ಚನ್ನು ಕಂಡವರು ಬೇಗ ಮರೆಯಲಾರರು. ಮನೆಯವರು ಓಡಿಹೋದರು, ಗೂಟ ಓಡಲಿಲ್ಲ. ಕೈಯಲ್ಲಿ ಹಿಡಿದ ಹಗ್ಗಕ್ಕೆ ಈ ಕ್ರೌರ್ಯವಿಲ್ಲ. ಅದು ನಾಯಿಯನ್ನು ಕಟ್ಟುವಷ್ಟೇ ಮನುಷ್ಯನನ್ನೂ ಕಟ್ಟುತ್ತದೆ.

ಹಗ್ಗವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಒಂದು ದುರಂತ ಸಾಕ್ಷಿ. ಅಲ್ಲಿ ನೆಲದಿಂದ ಕುದಿನೀರಿನ ಬುಗ್ಗೆಗಳು ಏಳುತ್ತವೆ. 1981ರ ಜುಲೈಯಲ್ಲಿ ನಾಯಿಯೊಂದು ವಾಹನದಿಂದ ತಪ್ಪಿಸಿಕೊಂಡು ಅಂಥ ಕೊಳಕ್ಕೆ ಹಾರಿತು. ಅದನ್ನು ಉಳಿಸಲು ಹಾರಿದ ಯುವಕ ಮರುದಿನ ತೀರಿಕೊಂಡ. ನಾಯಿಯೂ ಉಳಿಯಲಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಹಗ್ಗ ಆರು ಅಡಿಗಿಂತ ಉದ್ದವಿರಕೂಡದು, ಯೆಲ್ಲೊಸ್ಟೋನಿನ ಕಾಲುದಾರಿಗಳಲ್ಲಿ ಹಗ್ಗವಿದ್ದರೂ ನಾಯಿ ಹೋಗಕೂಡದು. ಈ ನಿಯಮಗಳು ಕೇವಲ ಅಧಿಕಾರಿಗಳ ಕಿರಿಕಿರಿಯಲ್ಲ.

ಕಾಡಿನ ವಿಷಯದಲ್ಲಿ ಕಾರಣ ಇನ್ನೂ ಗಂಭೀರ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗ 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಹರಡಿ ಅಲ್ಲಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ನಾಶವಾಯಿತು. ನಮ್ಮ ಗಿರ್ ಅರಣ್ಯದಲ್ಲಿ 2018ರ ಸೆಪ್ಟೆಂಬರ್ ವೇಳೆಗೆ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಈ ವೈರಸ್ ಪತ್ತೆಯಾಯಿತು. ಆರೋಗ್ಯವಾಗಿ ಕಾಣುವ ನಾಯಿಯೂ ಸೋಂಕು ಹೊತ್ತಿರಬಹುದು. ಹಗ್ಗ ನಾಯಿಯನ್ನು ತಡೆದೀತು, ವೈರಸ್ಸನ್ನು ತಡೆಯದು.

ಕಲ್ಲಿನ ಸ್ಮಾರಕಗಳಿಗೆ ಬರುವ ಅಪಾಯ ಬೇರೆ ರೀತಿಯದು. ಮೂತ್ರದಲ್ಲಿರುವ ಲವಣಗಳು ನೀರಿನೊಡನೆ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತವೆ. ನೀರು ಆರಿದಾಗ ಅವು ಹರಳುಗಟ್ಟಿ ಒಳಗಿನಿಂದ ಒತ್ತುತ್ತವೆ. ಕಾಲಕ್ರಮೇಣ ಮೇಲ್ಪದರ ಪುಡಿಪುಡಿಯಾಗಿ ಉದುರುತ್ತದೆ. ಹಂಪಿಯ ಗ್ರಾನೈಟ್ ಇದನ್ನು ಒಂದಿಷ್ಟು ತಡೆದುಕೊಂಡೀತು. ಬಾದಾಮಿಯ ಮರಳುಗಲ್ಲಿಗೆ, ಹಳೆಯ ಗಾರೆಗೆ ಆ ತಾಳಿಕೆ ಇಲ್ಲ. ಮನುಷ್ಯರು ಕೋಟೆಗೋಡೆಗಳ ಮರೆಯಲ್ಲಿ ಮಾಡುವುದೂ ಇದೇ ಕೆಲಸ ಎಂಬುದನ್ನು ಇಲ್ಲಿ ಹೇಳದೆ ಬಿಟ್ಟರೆ ನಾಯಿಗೆ ಅನ್ಯಾಯ ಮಾಡಿದಂತೆ.

ಹಾಗಾದರೆ ನಮ್ಮ ಕಾನೂನು ಏನು ಹೇಳುತ್ತದೆ? 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ 1959ರಲ್ಲಿ ರಚಿತವಾದ ನಿಯಮಗಳ 8ನೆಯ ನಿಯಮ ಸಂರಕ್ಷಿತ ಸ್ಮಾರಕದೊಳಗೆ ಏನೇನು ಮಾಡಬಾರದೆಂದು ಪಟ್ಟಿ ಮಾಡುತ್ತದೆ. ಬಂದೂಕು ಹಾರಿಸಬಾರದು, ಭಿಕ್ಷೆ ಬೇಡಬಾರದು ಎಂಬವುಗಳ ಜೊತೆಗೆ, ಸ್ಮಾರಕದ ನಿರ್ವಹಣೆಗಲ್ಲದೆ ಬೇರಾವ ಉದ್ದೇಶಕ್ಕೂ ಯಾವುದೇ ಪ್ರಾಣಿಯನ್ನು ತರಬಾರದು ಎಂದೂ ಇದೆ. ಹಗ್ಗವಿದೆಯೇ, ಇಲ್ಲವೇ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಕಣ್ಣಿಲ್ಲದವರಿಗೆ ದಾರಿ ತೋರುವ ನಾಯಿಯ ಪ್ರಸ್ತಾಪವೂ ಆ ಮಾತುಗಳಲ್ಲಿಲ್ಲ. ಪರಿಣಾಮ ವಿಚಿತ್ರವಾಗಿದೆ. ಲಸಿಕೆ ಹಾಕಿಸಿ, ಹಗ್ಗ ಹಿಡಿದು ತಂದ ನಾಯಿ ಹೊರಗೆ ನಿಲ್ಲಬೇಕು. ಯಾರೂ ತಾರದ, ತಾನಾಗಿ ಬಂದ ಬೀದಿನಾಯಿ ಒಳಗಿನ ಮಂಟಪದ ನೆರಳಲ್ಲಿ ನಿದ್ರಿಸುತ್ತದೆ. ಅದು ನಿಯಮ ಮುರಿದಿಲ್ಲ, ಏಕೆಂದರೆ ಅದನ್ನು ತಂದವರು ಯಾರೂ ಇಲ್ಲ!

ಬೇರೆ ದೇಶಗಳು ನಡುದಾರಿ ಹುಡುಕಿವೆ. ಇಂಗ್ಲೆಂಡಿನ ಅನೇಕ ಐತಿಹಾಸಿಕ ಕೋಟೆಗಳಲ್ಲಿ ಹಗ್ಗ ಕಟ್ಟಿದ ನಾಯಿಗೆ ಸ್ವಾಗತವಿದೆ. ಸ್ಟೋನ್‌ಹೆಂಜಿನ ಕಲ್ಲುಗಳ ಬಳಿಗೆ ಮಾತ್ರ ಅಂಗವಿಕಲರ ನೆರವಿನ ನಾಯಿಗಳಷ್ಟೇ ಹೋಗಬಹುದು. ಗ್ರೀಸ್ 2023ರಲ್ಲಿ 120ಕ್ಕೂ ಹೆಚ್ಚು ಪುರಾತತ್ವ ನೆಲೆಗಳನ್ನು ಸಾಕುಪ್ರಾಣಿಗಳಿಗೆ ತೆರೆಯಲು ನಿರ್ಧರಿಸಿತು. ಹಗ್ಗ ಒಂದು ಮೀಟರಿಗಿಂತ ಉದ್ದವಿರಬಾರದೆಂಬುದು ಷರತ್ತು. ಆದರೆ ಜನಸಂದಣಿಯ ಡೆಲ್ಫಿ, ಒಲಿಂಪಿಯ, ಕ್ನಾಸಸ್ ಮತ್ತು ಅಕ್ರಾಪೊಲಿಸ್ ಈ ಪಟ್ಟಿಯ ಹೊರಗುಳಿದವು. ಎರಡು ಸಾವಿರ ವರ್ಷಗಳ ಹಿಂದೆ ಪ್ಲುಟಾರ್ಕ್ ಹೇಳಿದ ನಿಷೇಧ ಬೇರೆ ಕಾರಣಕ್ಕಾಗಿ ಇನ್ನೂ ನಡೆಯುತ್ತಿದೆ.

ಬೆಂಗಳೂರಿನ ಉದಾಹರಣೆ ನಮಗೆ ಹತ್ತಿರದ್ದು. 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನಲ್ಲಿ ನಾಯಿಗಳನ್ನು ಹಗ್ಗವಿಲ್ಲದೆ ಬಿಡುತ್ತಾರೆ, ಅವು ಮಾಡಿದ ಗಲೀಜನ್ನು ತೆಗೆಯುವುದಿಲ್ಲ ಎಂಬ ದೂರುಗಳು ಹೆಚ್ಚಿದಾಗ, 2022ರಲ್ಲಿ ಸಾಕುಪ್ರಾಣಿಗಳ ಪ್ರವೇಶವನ್ನೇ ನಿಷೇಧಿಸುವ ಪ್ರಸ್ತಾಪ ಬಂದಿತು. ನಾಯಿ ಸಾಕಿದವರು ವಿರೋಧಿಸಿದರು, ಪ್ರಸ್ತಾಪ ತಡೆಯಿತು. ವಾದ ಎರಡೂ ಕಡೆ ಇದೆ. ಮುಂಜಾನೆ ನಡೆದಾಡುವ ವೃದ್ಧರಿಗೆ, ಪುಟ್ಟ ಮಕ್ಕಳಿಗೆ ನಾಯಿಯ ಭಯ ಸುಳ್ಳಲ್ಲ. ನಮ್ಮದು ಏನೂ ಮಾಡುವುದಿಲ್ಲ ಎಂಬ ಮಾಲೀಕರ ಸಮಾಧಾನದಿಂದ ಆ ಭಯ ಹೋಗುವುದಿಲ್ಲ. ಇತ್ತ ಎರಡು ಕೋಣೆಯ ಮನೆಯಲ್ಲಿ ಬೆಳೆಯುವ ನಾಯಿಗೆ ಮಣ್ಣು ಮುಟ್ಟಲು ಬೇರೆ ಜಾಗವಿಲ್ಲ ಎಂಬುದೂ ಸುಳ್ಳಲ್ಲ. ಇವೆರಡರ ನಡುವೆ ಇರುವುದು ಐದಾರು ಅಡಿ ಹಗ್ಗ ಮತ್ತು ಒಂದು ಕಾಗದದ ಚೀಲ. ಇವೆರಡನ್ನೂ ಹಿಡಿಯಲು ಒಪ್ಪದವರಿಂದಾಗಿಯೇ ಒಪ್ಪುವವರಿಗೂ ಬಾಗಿಲು ಮುಚ್ಚುವ ಸಂದರ್ಭ ಬರುತ್ತದೆ.

ಎಲ್ಲ ಕಡೆಗೂ ಒಂದೇ ನಿಯಮ ಹೊಂದುವುದಿಲ್ಲ. ಕಾಡಿಗೆ ನಾಯಿ ಬೇಡ. ಭಿತ್ತಿಚಿತ್ರವಿರುವ ಮಂಟಪಕ್ಕೂ ಬೇಡ. ಆದರೆ ಕೋಟೆಯ ಹೊರಬಯಲಿಗೆ, ಸ್ಮಾರಕದ ಸುತ್ತಲ ಹುಲ್ಲುಹಾಸಿಗೆ ಹಗ್ಗದೊಡನೆ ಬಂದರೆ ಕಲ್ಲಿಗೆ ಹಾನಿಯಾಗದಂತೆ ನೋಡಿಕೊಳ್ಳುವುದು ಕಷ್ಟವಲ್ಲ. ಅಂಧರ ಜೊತೆಗಾರ ನಾಯಿಗಾದರೂ ನಿಯಮದಲ್ಲಿ ಸ್ಪಷ್ಟವಾದ ಒಂದು ಸಾಲು ಇರಬೇಕು. ಜೊತೆಗೆ ಬಂದದ್ದನ್ನು ಬಿಟ್ಟು ಬಾ ಎಂದು ಅವರಿಗೆ ಹೇಳಲು ಯಾವ ಬಾಗಿಲು ಕಾಯುವವನಿಗೂ ನೈತಿಕ ಹಕ್ಕಿಲ್ಲ.

ಆತಕೂರಿನ ಶಾಸನ ಇಂದು ಆತಕೂರಿನಲ್ಲಿಲ್ಲ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸೊತ್ತು. ವಸ್ತುಸಂಗ್ರಹಾಲಯ ಇರುವುದು ಕಬ್ಬನ್ ಪಾರ್ಕಿನ ಅಂಚಿನಲ್ಲಿ. ಪಾರ್ಕಿಗೆ ನಾಯಿ ಬರಬೇಕೋ ಬೇಡವೋ ಎಂದು ನಗರ ಜಗಳವಾಡಿದ್ದು ನಾಯಿಯೊಂದರ ಸಾವಿರ ವರ್ಷದ ಸ್ಮಾರಕಕ್ಕೆ ಕೂಗಳತೆಯಲ್ಲಿ. ಊಟಕ್ಕೆ ಮೊದಲು ಕಾಳಿಯ ಕಲ್ಲಿಗೆ ಪೂಜೆ ಮಾಡುವ ಗೊರವ ಈಗಿಲ್ಲ, ಆ ಎರಡು ಕಂಡುಗ ಮಣ್ಣಿನ ಲೆಕ್ಕ ಕೇಳುವವರೂ ಇಲ್ಲ. ಕಲ್ಲು ಮಾತ್ರ ಉಳಿದಿದೆ. ಗುಡಿಯ ಒಳಗಲ್ಲದಿದ್ದರೂ ಗುಡಿಯ ಮುಂದೆ ನಾಯಿಗೊಂದು ಜಾಗವನ್ನು ನಮ್ಮ ಹಿರಿಯರು ಗುರುತಿಸಿದ್ದರು ಎಂಬುದಕ್ಕೆ ಅದು ಸಾಕ್ಷಿ.