ನೀಮೋ ನಾವಿಕನ ಸೇಡು

ಫ್ರೆಂಚ್ ಗ್ರಂಥಕರ್ತನಾದ ಜೂಲ್ಸ್ ವರ್ನನು (1828–1905) ವಿಜ್ಞಾನವನ್ನಾಧರಿಸಿ ಕಥೆ ರಚಿಸಿದವರಲ್ಲಿ ಅಗ್ರಗಣ್ಯನು. 1869–70ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅವನ ಸಮುದ್ರಯಾನದ ಕಾದಂಬರಿಗೆ ನೀಮೋ ಎಂಬ ನಾವಿಕನೇ ನಾಯಕನು. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದಕ್ಕೆ ‘ಯಾರೂ ಅಲ್ಲ’ ಎಂದರ್ಥ. ವಿದ್ಯುಚ್ಛಕ್ತಿಯಿಂದ ನಡೆಯುವ, 70 ಮೀಟರ್ ಉದ್ದದ ‘ನಾಟಿಲಸ್’ ಎಂಬ ಜಲಾಂತರ್ಗಾಮಿ ನೌಕೆಯಲ್ಲಿ ಅವನು ಲೋಕವನ್ನು ತೊರೆದು ಸಂಚರಿಸುವನು. ಆದರೆ ಹಗೆಯನ್ನು ಮಾತ್ರ ತೊರೆದವನಲ್ಲ.

ಆ ಹಗೆ ಯಾರ ಮೇಲೆ? 1863ರಲ್ಲಿ ರಷ್ಯದ ವಿರುದ್ಧ ದಂಗೆಯೆದ್ದು ನಲುಗಿದ ಪೋಲೆಂಡಿನ ಕುಲೀನನೊಬ್ಬನನ್ನು ವರ್ನನು ಮೊದಲು ಸಂಕಲ್ಪಿಸಿದ್ದನು. ಪ್ರಕಾಶಕನಾದ ಹೆಟ್ಜೆಲನು ಇದಕ್ಕೆ ಒಪ್ಪಲಿಲ್ಲ. ಆದುದರಿಂದ ನೀಮೋ ಮುಳುಗಿಸಿದ ಯುದ್ಧನೌಕೆ ಯಾವ ದೇಶದ್ದೆಂಬುದು ಆ ಗ್ರಂಥದಲ್ಲಿ ಗೂಢವಾಗಿಯೇ ಉಳಿಯಿತು.

1874–75ರಲ್ಲಿ ಹೊರಬಂದ ‘ರಹಸ್ಯದ್ವೀಪ’ದಲ್ಲಿ ಉತ್ತರ ದೊರೆಯುತ್ತದೆ. ನೀಮೋ ಬುಂದೇಲಖಂಡದ ರಾಜಪುತ್ರನಾದ ದಕ್ಕಾರನು. ಟೀಪೂ ಸುಲ್ತಾನನ ಸೋದರಳಿಯನು. 1857ರ ಸಂಗ್ರಾಮದಲ್ಲಿ ರಾಜ್ಯವನ್ನೂ ಹೆಂಡತಿ ಮಕ್ಕಳನ್ನೂ ಕಳೆದುಕೊಂಡವನು. ಇದು ಚರಿತ್ರೆಯಲ್ಲ, ಕವಿಕಲ್ಪನೆ. ಟೀಪುವು ಶ್ರೀರಂಗಪಟ್ಟಣದಲ್ಲಿ ಮಡಿದುದು 1799ರ ಮೇ 4ರಂದು. ದಕ್ಕಾರನಾದರೋ ಕಥೆಯ ಲೆಕ್ಕದಂತೆ 1849ರಲ್ಲಿ ಮೂವತ್ತು ವರ್ಷದವನು. ಆದರೂ ಆಯ್ಕೆ ನಿರರ್ಥಕವಲ್ಲ. 1788ರಲ್ಲಿ ಟೀಪುವಿನ ರಾಯಭಾರಿಗಳು ಹದಿನಾರನೆಯ ಲೂಯಿ ದೊರೆಯ ಆಸ್ಥಾನಕ್ಕೆ ಹೋಗಿದ್ದರು; ಆ ಹೆಸರು ಫ್ರೆಂಚರಿಗೆ ಅಪರಿಚಿತವಾಗಿರಲಿಲ್ಲ.

ಯುದ್ಧನೌಕೆಯನ್ನು ಜನಸಮೇತ ಮುಳುಗಿಸಿದ ಬಳಿಕ ನೀಮೋ ತನ್ನ ಕೋಣೆಗೆ ಹೋಗಿ, ಒಬ್ಬ ಸ್ತ್ರೀ ಮತ್ತು ಇಬ್ಬರು ಮಕ್ಕಳ ಚಿತ್ರದ ಮುಂದೆ ಮೊಣಕಾಲೂರಿ ಬಿಕ್ಕಿ ಅಳುತ್ತಾನೆ. ಮುಳುಗಿದವರಿಗೂ ಹೆಂಡಿರು ಮಕ್ಕಳಿದ್ದರೆಂಬುದು ಅವನಿಗೆ ತಿಳಿಯದೆ? ತಂದೆಯ ಕೊಲೆಗೆ ಪ್ರತೀಕಾರವೆಂದು ಮಲಗಿದ್ದ ಉಪಪಾಂಡವರನ್ನು ಕೊಂದ ಅಶ್ವತ್ಥಾಮನಿಗೂ ಶಾಂತಿ ದೊರೆಯಲಿಲ್ಲ. ಅನ್ಯಾಯಕ್ಕೊಳಗಾದವನ ದುಃಖ ನಿಜ. ಆದರೆ ಆ ದುಃಖವು ಅವನ ಕೈಗಂಟಿದ ರಕ್ತವನ್ನು ತೊಳೆಯಲಾರದು.

ಮರಣಕಾಲದಲ್ಲಿ ನೀಮೋ ತನ್ನ ಬಾಳಿನ ತೀರ್ಪನ್ನು ಸೈರಸ್ ಸ್ಮಿತ್ ಎಂಬ ಅಮೆರಿಕದ ಎಂಜಿನಿಯರನಿಂದ ಬೇಡುತ್ತಾನೆ. ಅನಿವಾರ್ಯವಾದ ಪ್ರಗತಿಯನ್ನು ಎದುರಿಸಿದುದೇ ನಿನ್ನ ತಪ್ಪೆಂದು ಅವನು ಹೇಳಿ, ಉಳಿದುದನ್ನು ದೇವರಿಗೆ ಬಿಡುತ್ತಾನೆ. ಮುಳುಗಿದ ನಾವಿಕರ ಮಾತೂ ಇಲ್ಲ, ದಕ್ಕಾರನ ಜನರು ಪಟ್ಟ ಪಾಡಿನ ಮಾತೂ ಇಲ್ಲ. ಪರರಾಜ್ಯಾಪಹರಣಕ್ಕೆ ಪ್ರಗತಿಯೆಂಬ ಹೆಸರಿಟ್ಟ ಶತಮಾನದ ತೀರ್ಪು ಅದು. ನೀಮೋ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಅವನ ಇಚ್ಛೆಯಂತೆ ನಾಟಿಲಸ್ ನೌಕೆಯೇ ಅವನ ಸಮಾಧಿಯಾಗಿ ನೀರಿನಲ್ಲಿ ಮುಳುಗಿತು. ಪ್ರಶ್ನೆಯು ಮಾತ್ರ ಓದುಗರ ಪಾಲಿಗೆ ಉಳಿಯಿತು.