ದಸರೆಗೆ ಬಂದ ಅಹವಾಲು: ಮೈಸೂರು ಪ್ರಜಾಪ್ರತಿನಿಧಿ ಸಭೆ

ಮೈಸೂರು ಪ್ರಜಾಪ್ರತಿನಿಧಿ ಸಭೆ ಹುಟ್ಟಿದ್ದು 1881ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಬ್ರಿಟಿಷ್ ಕಮಿಷನರುಗಳ ಐವತ್ತು ವರ್ಷದ ಆಳ್ವಿಕೆ ಮುಗಿದು ಸಂಸ್ಥಾನ ಚಾಮರಾಜೇಂದ್ರ ಒಡೆಯರ ಕೈಗೆ ಬಂತು. 1876–78ರ ಭೀಕರ ಕ್ಷಾಮದಿಂದ ಊರುಗಳು ಚೇತರಿಸಿಕೊಂಡಿರಲಿಲ್ಲ, ಬೊಕ್ಕಸ ಸಾಲದಲ್ಲಿತ್ತು. ಇಂಥ ಹೊತ್ತಿನಲ್ಲಿ ದಿವಾನ ರಂಗಾಚಾರ್ಲು ಸರ್ಕಾರದ ಉದ್ದೇಶಗಳನ್ನು ಜನರಿಗೆ ತಿಳಿಸಲು, ಜನರ ಕಷ್ಟವನ್ನು ಅವರ ಬಾಯಿಂದಲೇ ಕೇಳಲು ಈ ಸಭೆಯನ್ನು ಕರೆದರು.

ಅದಕ್ಕೆ ಆರಿಸಿದ ಸಮಯ ಜಾಣತನದ್ದು. ದಸರೆಗೆ ಮೈಸೂರಿಗೆ ಹೇಗೂ ಜನ ಬರುತ್ತಿದ್ದರು. ಸಭೆಯೂ ಆಗಲೇ ಸೇರಿತು. ಅಕ್ಟೋಬರ್ 7ರ ಮೊದಲ ಅಧಿವೇಶನಕ್ಕೆ ಬಂದವರು 144 ಮಂದಿ: ತಾಲೂಕುಗಳ ಜಮೀನುದಾರರು, ಜಿಲ್ಲೆಗಳ ಪ್ರಮುಖ ವರ್ತಕರು. ಅವರನ್ನು ಕಳುಹಿಸಿದ್ದು ಸ್ಥಳೀಯ ನಿಧಿ ಮಂಡಳಿಗಳೇ ಹೊರತು ಮತದಾರರಲ್ಲ. ಹೊಲ ಉತ್ತ ಕೂಲಿಯವರಿಗೆ ಅಲ್ಲಿ ಜಾಗವಿರಲಿಲ್ಲ. ಸಭೆಯ ದೊಡ್ಡ ಕೊರತೆ ಇದೇ.

ದಿವಾನರು ವರ್ಷದ ಆದಾಯ, ಖರ್ಚು, ಕೈಗೊಂಡ ಕಾಮಗಾರಿಗಳನ್ನು ಓದಿ ಹೇಳುತ್ತಿದ್ದರು. ಬಳಿಕ ಸದಸ್ಯರ ಸರದಿ: ಒಡೆದ ಕೆರೆ ಏರಿ, ಕಂದಾಯದ ಕಂತು, ಕಾಡಿನ ಸೌದೆ, ದನ ಮೇಯಿಸುವ ಹುಲ್ಲುಗಾವಲು. ಕಾನೂನು ಮಾಡುವ ಅಧಿಕಾರ ಸಭೆಗಿರಲಿಲ್ಲ. ಆದರೂ ತಾಲೂಕಿನ ರೈತನೊಬ್ಬ ಎದ್ದು ನಿಂತು ಕೇಳಿದ್ದಕ್ಕೆ ದಿವಾನರು ಎಲ್ಲರೆದುರು ಉತ್ತರ ಕೊಡಬೇಕಾಗಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಕಚೇರಿಯಲ್ಲಿ ಮೂಲೆ ಸೇರುತ್ತಿದ್ದ ಅರ್ಜಿ ಇಲ್ಲಿ ನಾಲ್ಕು ಜನರ ಕಿವಿಗೆ ಬೀಳುತ್ತಿತ್ತು.

ರಂಗಾಚಾರ್ಲು 1883ರಲ್ಲಿ ತೀರಿಕೊಂಡರು. ಮುಂದಿನ ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಿಂದ, ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂತು. ಮತದ ಹಕ್ಕು ಮಾತ್ರ ಆಸ್ತಿವಂತರಿಗೆ, ಓದಿದವರಿಗೆ. 1907ರಲ್ಲಿ ಕಾನೂನು ಮಾಡುವ ಕೆಲಸಕ್ಕೆ ಶಾಸನ ಸಭೆ ಬೇರೆಯಾಗಿಯೇ ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬಜೆಟ್ ಚರ್ಚೆಗೆಂದು ವರ್ಷದಲ್ಲಿ ಪ್ರಜಾಪ್ರತಿನಿಧಿ ಸಭೆಯ ಎರಡನೆಯ ಅಧಿವೇಶನವೂ ಸೇರತೊಡಗಿತು.

ನಿಜವಾದ ತಿರುವು ಬಂದದ್ದು 1923ರಲ್ಲಿ. ಅಲ್ಲಿಯವರೆಗೆ ಸಭೆ ನಿಂತಿದ್ದು ಸರ್ಕಾರದ ಆಜ್ಞೆಯ ಮೇಲೆ; ಕರೆಯದಿದ್ದರೆ ಕೇಳುವವರಿಲ್ಲ. ರಾಜ್ಯಾಂಗ ಸುಧಾರಣೆಗೆ ನೇಮಕವಾಗಿದ್ದ ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ನಂತರ ಅದಕ್ಕೆ ಕಾನೂನಿನ ಬಲ ದೊರೆಯಿತು. ಹೊಸ ತೆರಿಗೆ ಹಾಕುವ ಮುನ್ನ, ಮಸೂದೆಯನ್ನು ಶಾಸನ ಸಭೆಗೆ ಒಯ್ಯುವ ಮುನ್ನ, ಈ ಸಭೆಯ ಅಭಿಪ್ರಾಯ ಕೇಳಬೇಕಾಯಿತು. ಮಹಿಳೆಯರಿಗೂ ಮತದ ಹಕ್ಕು ಸಿಕ್ಕಿತು. ಆದರೆ ಸಭೆಯ ಮಾತಿಗೆ ತಲೆಬಾಗಲೇಬೇಕೆಂಬ ಕಟ್ಟುಪಾಡು ಸರ್ಕಾರಕ್ಕಿರಲಿಲ್ಲ. 1930ರ ದಶಕದಲ್ಲಿ ಜವಾಬ್ದಾರಿ ಸರ್ಕಾರದ ಕೂಗು ಬಲವಾಗಲು ಇದೂ ಒಂದು ಕಾರಣ.

ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ಹೋರಾಟದ ಬಳಿಕ ಅಧಿಕಾರ ಜನರ ಮಂತ್ರಿಮಂಡಲಕ್ಕೆ ಬಂತು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ವಿಸರ್ಜನೆಯಾಯಿತು.